ಐವತ್ತು ಕೆಲ್ವಿನ್ ಬಳಿಯ ಉಬ್ಬು

"ತಪ್ಪು ತಿಳ್ಕೋಬೇಡಿ ಸರ್. ಮೇಡಂ ಕಂಡ ಉಬ್ಬು ಪುಡೀದಲ್ಲ, ಗಾಳೀದು ಅನ್ಸುತ್ತೆ."

ಸಂಶೋಧನೆಗೆ ಬಂದ ಹುಡುಗಿ ಪರದೆಯ ಮೇಲಿನ ಕಾಂತತೆಯ ಗೆರೆಯತ್ತ ಬೆರಳು ತೋರಿದಳು. ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸತೊಡಗಿದರು; ಆ ಗೆರೆ ಅವರಿಗೆ ಬಾಯಿಪಾಠ. ಕಪ್ಪು ಆಕ್ಸೈಡಿನ ಪುಡಿ ಕೋಣೆಯ ಶಾಖದಲ್ಲಿ ಕಾಂತಕ್ಕೆ ಕ್ಯಾರೇ ಅನ್ನುವುದಿಲ್ಲ. ತಣಿಸುತ್ತ ಹೋದರೆ ಒಂದು ಹಂತದಲ್ಲಿ ಎಚ್ಚೆತ್ತು ಗೆರೆ ಕಡಿದಾಗಿ ಏರುತ್ತದೆ, ಆಮೇಲೆ ಸಮತಟ್ಟು. ಆ ಸಮತಟ್ಟಿನ ಮೇಲೆ, ಐವತ್ತು ಕೆಲ್ವಿನ್ ಬಳಿ, ಅಂದರೆ ಸೊನ್ನೆ ಡಿಗ್ರಿಗಿಂತ ಇನ್ನೂರಕ್ಕೂ ಹೆಚ್ಚು ಕೆಳಗೆ, ಒಂದು ಸಣ್ಣ ಉಬ್ಬು. ಅದನ್ನು ಕಂಡವಳು ಅವರ ಹೆಂಡತಿ, ಇದೇ ಕೋಣೆಯ ಆಚೆ ಮೇಜಿನವಳು. ಪುಡಿಯನ್ನು ಗಾಜಿನ ಕೊಳವೆಗೆ ತುಂಬಿ, ಬಾಯನ್ನು ಉರಿಯಲ್ಲಿ ಕರಗಿಸಿ ಮುಚ್ಚಿದ್ದಳು. ಪ್ರಬಂಧ ಮುಗಿಸುವ ಮೊದಲೇ ತೀರಿಕೊಂಡಳು. ಅದನ್ನು ಅವಳ ಹೆಸರಿನಲ್ಲಿ ಅಚ್ಚು ಮಾಡಿಸುವುದೊಂದೇ ಪ್ರಾಧ್ಯಾಪಕರಿಗೆ ಉಳಿದಿದ್ದ ಹಟ. ಉಬ್ಬು ಸುಳ್ಳಾದರೆ ಪ್ರಬಂಧವೂ ಇಲ್ಲ.

"ಕೊಳವೇಲಿ ಗಾಳಿ ಉಳಿದಿದ್ರೆ ಅದರ ಆಮ್ಲಜನಕ ಆ ಚಳೀಲಿ ಹೆಪ್ಪುಗಟ್ಟುತ್ತೆ. ಅದಕ್ಕೂ ಕಾಂತಗುಣ ಇದೆಯಲ್ಲ ಸರ್."

"ನನಗೇ ಪಾಠ ಹೇಳ್ತೀಯಾ?"

"ನೀವೇ ಹೇಳಿದ ಪಾಠ ಸರ್. ಮೊದಲನೇ ವರ್ಷ."

ಪ್ರಾಧ್ಯಾಪಕರ ಮೀಸೆ ಅಲುಗಿತು. "ಗಾಳಿ ಪೂರ್ತಿ ಎಳೆಯೋಕೆ ತಾಳ್ಮೆ ಬೇಕು. ಅವಳಿಗೆ ಅದೊಂದಿರಲಿಲ್ಲ. ಏನೋ ಹರಟುತ್ತಾನೇ ಮುಚ್ಚಿರ್ತಾಳೆ, ಅವಳ ಉಸಿರೂ ಒಳಗೇ ಉಳಿದಿರುತ್ತೆ."

"ಒಡೆದು ನೋಡೋಣ್ವಾ ಸರ್?"

ಅವರು ಕೊಳವೆಯನ್ನು ಬೆಳಕಿಗೆ ಹಿಡಿದರು. ತಳದಲ್ಲಿ ಚಿಟಿಕೆ ಪುಡಿ, ಮೇಲೆಲ್ಲ ಖಾಲಿ. ಆ ಖಾಲಿಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಕಿಟಕಿ ಮುಚ್ಚಿದರು, ಫ್ಯಾನು ಆರಿಸಿದರು.

"ಪುಡಿ ಹಾರುತ್ತೆ," ಎಂದರು, ಹುಡುಗಿ ಕೇಳದಿದ್ದರೂ.

ಗಾಜು ಚಟ್ಟೆಂದಿತು. ಅಷ್ಟೇ.

ಹುಡುಗಿ ಪುಡಿಯನ್ನು ಹೊಸ ಕೊಳವೆಗೆ ಸುರಿದು, ಗಾಳಿಯನ್ನೆಲ್ಲ ಎಳೆದು, ಹೀಲಿಯಂ ತುಂಬಿ ಮುಚ್ಚಿದಳು. ಸಂಜೆಯ ಹೊತ್ತಿಗೆ ಗೆರೆ ಬಂತು. ಏರಿತು, ಸಮನಾಯಿತು, ಐವತ್ತರ ಬಳಿ ಇಸ್ತ್ರಿ ಹಾಕಿದ ಬಟ್ಟೆಯಂತೆ ನುಣುಪಾಗಿ ದಾಟಿಹೋಯಿತು.

"ಸಾರಿ ಸರ್."

"ಯಾಕೆ? ಸರಿಯಾಗೇ ಅಳೆದಿದ್ದೀಯ. ಪ್ರಬಂಧ ಕಳಿಸೋದು ಬೇಡ."

ಹುಡುಗಿ ಕತ್ತಿನ ಬೆವರು ಒರೆಸಿಕೊಂಡು ಸ್ವಿಚ್ಚಿನತ್ತ ಕೈಚಾಚಿದಳು. "ಪುಡಿ ಭದ್ರವಾಗಿದೆಯಲ್ಲ ಸರ್, ಫ್ಯಾನ್ ಹಾಕ್ಲಾ?"

"ಬೇಡ, ಇರಲಿ. ನೀನು ಮನೆಗೆ ಹೊರಡು. ಹೋಗ್ತಾ ಬಾಗಿಲು ಬೇಗ ಎಳ್ಕೋ."

ಹುಡುಗಿ ಹೋದ ಮೇಲೆ ಪ್ರಾಧ್ಯಾಪಕರು ಆಚೆ ಮೇಜಿನ ಕುರ್ಚಿಯಲ್ಲಿ ಹೋಗಿ ಕುಳಿತರು. ಗೋಡೆಯ ಕ್ಯಾಲೆಂಡರಿನ ಹಾಳೆ ಅಲುಗಲಿಲ್ಲ.