ಮಂಗಳವಾರ ಕೆಮ್ಮುವ ಎಂಜಿನ್ನು

ಹಗ್ಗ ಸುತ್ತಿ ಎಳೆದರೆ ಎಂಜಿನ್ನು ಒಂದೇ ಏಟಿಗೆ ಹತ್ತಿಕೊಂಡಿತು. ಚಂದ್ರಶೇಖರಪ್ಪ ನಂಬಲಿಲ್ಲ. ಈ ಸೊಕ್ಕಿನ ಯಂತ್ರ ಮೊದಲು ನಗಿಸಿ ಆಮೇಲೆ ಅಳಿಸುತ್ತದೆಂಬುದು ಅವನಿಗೆ ಈಗ ಚೆನ್ನಾಗಿ ಗೊತ್ತಿತ್ತು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ನಲ್ಲಿ ತಿರುಗಿಸಿ ಸೀಮೆಎಣ್ಣೆಗೆ ಹಾಕಬೇಕು. ತಿರುಗಿಸಿದ. ತುಸು ಹೊತ್ತು ನೆಟ್ಟಗೆ ಓಡಿತು. ಆಮೇಲೆ ಸದ್ದು ತಾಳ ತಪ್ಪಿ, ಕೆಮ್ಮಿ, ಮೈಯೆಲ್ಲ ನಡುಗಿಸಿ, ಬಿಳಿ ಹೊಗೆ ಉಗುಳಿ ನಿಂತೇ ಹೋಯಿತು. ವರದಾ ಹೊಳೆಯಿಂದ ಮೇಲೆ ಬಂದ ನೀರು ಕಬ್ಬಿನ ಮೊದಲ ಸಾಲನ್ನೂ ಮುಟ್ಟದೆ ಕಾಲುವೆಯಲ್ಲೇ ಇಂಗಿತು.

"ಇವತ್ತು ಮಂಗಳವಾರ ಅಲ್ಲೇನು," ಎಂದ, ಎಂಜಿನ್ನಿಗೇ ಹೇಳುವವನಂತೆ. "ಮರತಿದ್ದೆ ನೋಡು."

ಮಂಗಳವಾರ ಬಂತೆಂದರೆ ಇದೇ ಪಾಡು. ಬಿಚ್ಚಿ ಒರೆಸಿ ಜೋಡಿಸಿದರೆ ಮರುದಿನದಿಂದ ಸುಮ್ಮನೆ ಓಡುತ್ತಿತ್ತು. ಮುಂದಿನ ಮಂಗಳವಾರ ಮತ್ತೆ ಅದೇ ರಗಳೆ. ಸೋಮವಾರ ಬಸವಣ್ಣನ ವಾರ. ಅಂದು ಈ ಮನೆಯವರು ಎತ್ತಿನ ಹೆಗಲಿಗೆ ನೊಗ ಹೂಡುವುದಿಲ್ಲ. ಎತ್ತಿಗಿಲ್ಲದ ದುಡಿತ ಎಂಜಿನ್ನಿಗೆ ಯಾಕೆಂದು ಅದಕ್ಕೂ ರಜೆ ಕೊಟ್ಟವನು ಚಂದ್ರಶೇಖರಪ್ಪನೇ. ಎಂಜಿನ್ನು ತಂದ ಮಗ ಮಾದೇವ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಿದ್ದ. "ಹಂಗಾರ ಇದಕ್ಕೊಂದು ಹೊರಿ ಹುಲ್ಲೂ ಹಾಕ್ರಿ, ಅಪ್ಪಾ," ಎಂದಿದ್ದ.

ಆ ಮಾದೇವ ಈಗ ಇರಲಿಲ್ಲ. ಹೋದ ವರ್ಷ ಮುಂಗಾರಿನ ಮಿರ್ಗದ ಮಳೆಗೆ ಹೊಳೆಯಲ್ಲಿ ಹೊಸನೀರು ಏರುತ್ತಿದ್ದಾಗ, ಪೈಪು ಕೊಚ್ಚಿಹೋದೀತೆಂದು ಎತ್ತಲು ಇಳಿದವನು ಮೇಲೆ ಬರಲಿಲ್ಲ. ಎರಡೂ ದಂಡೆ ಹುಡುಕಿದರು, ಕೆಳಗಿನ ಊರುಗಳಿಗೆ ಆಳು ಕಳಿಸಿದರು. ದೇಹ ಸಿಗಲಿಲ್ಲ. ಸಿಗದೇ ಇದ್ದುದನ್ನೇ ಚಂದ್ರಶೇಖರಪ್ಪ ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟ. "ಹೆಣ ನೋಡದವರು ಯಾರೂ ನನ್ನ ಮಗ ಸತ್ತ ಅನ್ನಬ್ಯಾಡ್ರಿ. ಎಲ್ಲೋ ದಂಡಿ ಹತ್ತ್ಯಾನ, ಬರತಾನ," ಎಂದ. ಸತ್ತವರನ್ನು ಹೊಲದಲ್ಲಿ ಕೂರಿಸಿ ಮಣ್ಣು ಮಾಡಿ, ಮೇಲೊಂದು ಗದ್ದುಗೆ ಕಟ್ಟುವುದು ಅವರ ಪದ್ಧತಿ. ಖಾಲಿ ಕುಣಿಯನ್ನಾದರೂ ತೋಡಿ ಶಾಸ್ತ್ರ ಮುಗಿಸಿ ಎಂದು ಮನೆಯ ಗುರು, ಅಯ್ಯನವರಾದ ಸಂಗಯ್ಯನವರು ಮೆಲ್ಲಗೆ ಹೇಳಿದಾಗ, ಉಣ್ಣುವ ಗಂಗಾಳ ಬಿಟ್ಟು ಎದ್ದುಹೋಗಿದ್ದ. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಹೆಂಡತಿ ನೀಲಗಂಗವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಮಗ ಬರುವತನಕ ಎಂಜಿನ್ನು ಕೆಡಬಾರದು. ಬಂದವನು "ಇದನ್ನೂ ಕೆಡಿಸಿ ಕುಂತ್ರೇನು" ಅಂದರೆ ಯಾವ ಮುಖ ಹೊತ್ತು ನಿಲ್ಲುವುದು? ಅದಕ್ಕೇ, ಮಗ ಮಾಡುತ್ತಿದ್ದುದನ್ನು ಓರೆಗಣ್ಣಲ್ಲಿ ನೋಡಿದ್ದಷ್ಟೇ ಬಂಡವಾಳ ಮಾಡಿಕೊಂಡು ಅವನು ಒಂದೊಂದಾಗಿ ಕಲಿತಿದ್ದ. ಪ್ಲಗ್ಗು ಬಿಚ್ಚಿ ಕರಿ ಉಜ್ಜಿ ತೆಗೆದು ನೋಡಿದ್ದ. ಕಿಡಿ ನೀಲಿಯಾಗಿ ಹಾರಿತ್ತು. ಪೆಟ್ರೋಲಿನಲ್ಲಿ ಓಡುವುದು ಸೀಮೆಎಣ್ಣೆಯಲ್ಲಿ ಓಡುವುದಿಲ್ಲ ಅಂದರೆ ದೋಷ ಕಿಡಿಯದಲ್ಲ, ಎಣ್ಣೆಯದು. ಈ ತರ್ಕ ತನಗೇ ಹೊಳೆದ ದಿನ ಹೆಮ್ಮೆಯಾಗಿತ್ತು. ಹೇಳಿಕೊಳ್ಳಲು ಮಗನಿರಲಿಲ್ಲ.

ಕಾರ್ಬುರೇಟರಿನ ತಳದ ಬಟ್ಟಲು ಬಿಚ್ಚಿದಾಗ ಎಣ್ಣೆಯ ಕೆಳಗೆ ನೀರು ಕಂಡಿತ್ತು. ಸಿಟ್ಟು ನೆತ್ತಿಗೇರಿ ಬನವಾಸಿಯ ಎಣ್ಣೆ ಅಂಗಡಿಗೆ ಹೋಗಿ ವೀರಪ್ಪನ ಮಾನ ಹರಾಜು ಹಾಕಿದ್ದ. "ಎಣ್ಣ್ಯಾಗ ನೀರು ಬೆರಸಿ ಮಾರತೀಯಲ್ಲ, ಮರ್ಯಾದಿ ಐತೇನು ನಿನಗ?"

"ಇದಽ ಪೀಪಾಯಿ ಎಣ್ಣೀಲೆ ಊರಮಂದಿ ದೀಪ ಹಚ್ಚತಾರ್ರೀ, ಅಣ್ಣಾರ," ಎಂದಿದ್ದ ವೀರಪ್ಪ. "ನಿಮ್ಮ ಎಂಜಿನ್ನಿಗಷ್ಟಽ ನೀರು ಹೆಂಗ ಹೋಗತೈತಿ?"

ಆಮೇಲೆ ಶಿರಸಿಯಿಂದ ಡಬ್ಬಿಗಟ್ಟಲೆ ತರಿಸಿದ್ದೂ ಆಯಿತು. ಇವತ್ತು ಬಟ್ಟಲು ಬಿಚ್ಚಿದರೆ ಮತ್ತೆ ನೀರು. ಈ ಸಲ ಅದನ್ನು ನೆಲಕ್ಕೆ ಚೆಲ್ಲದೆ ಅಂಗೈಗೆ ಸುರಿದುಕೊಂಡು ಬಿಸಿಲಿಗೆ ಹಿಡಿದ. ತಳದಲ್ಲಿ ಬೆಳ್ಳಗಿನ ಗಸಿ. ಉಸುಕಲ್ಲ, ತುಕ್ಕೂ ಅಲ್ಲ. ಬೆರಳಲ್ಲಿ ತಿಕ್ಕಿದರೆ ನುಣ್ಣಗೆ ಜಾರಿತು. ದಿನಾ ಬೆಳಗ್ಗೆ ಹಣೆಗೆ ಹಚ್ಚಿಕೊಳ್ಳುವ ಬೆರಳಿಗೆ ಅದರ ಗುರುತು ಹತ್ತದೆ ಇರುತ್ತದೆಯೇ? ವಿಭೂತಿ ಅದು. ಅಂದರೆ ಸೋಮವಾರ ಎಂಜಿನ್ನು ಸುಮ್ಮನಿರುವಾಗ ಯಾರೋ ಬಂದು ನೀರು ಹಾಕುತ್ತಿದ್ದಾರೆ.

ಮುಂದಿನ ಸೋಮವಾರ, ವಾರವಾರದಂತೆ, ಸಂಗಯ್ಯನವರು ಬಂದರು. ಪಾದಪೂಜೆಯಾಯಿತು. ಅಯ್ಯನವರ ವಿಭೂತಿ ಹಚ್ಚಿದ ಪಾದ ತೊಳೆದ ಪಾದೋದಕವನ್ನು ಗಂಡಹೆಂಡಿರಿಬ್ಬರೂ ಅಂಗೈಯಲ್ಲಿ ತೆಗೆದುಕೊಂಡರು. ಬನವಾಸಿಗೆ ಹೋಗಿಬರುತ್ತೇನೆಂದು ಹೊರಬಿದ್ದ ಚಂದ್ರಶೇಖರಪ್ಪ ಹೊಲಕ್ಕೆ ಬಂದು ಕಬ್ಬಿನ ಮರೆಯಲ್ಲಿ ಕುಳಿತ. ಬಿಸಿಲೇರುವ ಹೊತ್ತಿಗೆ ನೀಲಗಂಗವ್ವ ಬಂದಳು. ಹೊಳೆ ಕಾಣದಂತೆ ಆ ಬದಿಗೆ ಸೆರಗು ಎಳೆದುಕೊಂಡಿದ್ದಳು. ಎಂಜಿನ್ನಿನ ಮುಂದೆ ನಿಂತು ಸೀಮೆಎಣ್ಣೆ ಟಾಕಿಯ ಮುಚ್ಚಳ ತಿರುಗಿಸಿ, ಸೆರಗಿನೊಳಗಿಂದ ಸಣ್ಣ ಗಿಂಡಿ ತೆಗೆದು, ಒಂದು ಹನಿಯೂ ನೆಲಕ್ಕೆ ಬೀಳದಂತೆ ಒಳಗೆ ಬಗ್ಗಿಸಿದಳು.

"ನೀನಽ ಏನು?" ಅವನು ಕಬ್ಬಿನ ಮರೆಯಿಂದ ಎದ್ದು ಬಂದ. "ಎಂಜಿನ್ನು ಹಾಳು ಮಾಡಾಕ ಹತ್ತಿದಾಕಿ ನೀನಽ ಏನು? ಪಾಪ, ಆ ವೀರಪ್ಪಗ ಇಲ್ಲದ್ದೆಲ್ಲ ಅಂದು ಬಂದೆ."

ನೀಲಗಂಗವ್ವ ಬೆಚ್ಚಲಿಲ್ಲ. ಮುಚ್ಚಳ ಹಾಕಿದಳು. "ಹಾಳು ಯಾಕ ಮಾಡಲಿ? ಅವನ ಪಾಲು ಹಾಕೇನಿ."

"ಯಾರ ಪಾಲು?"

"ಮನ್ಯಾಗ ಮೂರು ಮಂದಿ. ಪಾದೋದಕ ಮೂರು ಪಾಲು. ಅವ ಅದಾನ ಅಂತ ನೀವಽ ಹೇಳೀರಿ. ಇದ್ದವಗ ಪಾಲು ಬ್ಯಾಡೇನ್ರಿ? ಅವ ದಿನಾ ಮುಟ್ಟಿದ್ದು ಇದೊಂದಽ. ಇದರೊಳಗ ಹಾಕಿದ್ರ ಅವಗ ಮುಟ್ಟತೈತಿ ಅಂತ ಹಾಕಿದೆ."

"ಗಿಡದ ಬುಡಕ್ಕ ಹಾಕಬೇಕಿತ್ತು. ಹೊಳೀಗೆ ಬಿಡಬೇಕಿತ್ತು."

"ಹೊಳೀಗೆ?" ಆಕೆ ಮೊದಲ ಸಲ ಅವನನ್ನು ದಿಟ್ಟಿಸಿ ನೋಡಿದಳು. "ಅವನ್ನ ತಿಂದೈತಿ. ಅವನ ಪಾಲೂ ಅದಕ್ಕಽ ಕೊಡಲೇನು?"

ತಿಂದೈತಿ ಎಂಬ ಮಾತನ್ನು ಊರು ಹಿಂದಿನಿಂದ ಆಡುತ್ತಿತ್ತು. ಎದುರಿಗೆ ನಿಂತು ಆಡಿದವಳು ಹಡೆದವಳೊಬ್ಬಳೇ.

"ಇಲ್ಲ ಅನ್ನೋದಾದ್ರ ಇಲ್ಲ ಅಂದುಬಿಡ್ರಿ," ಎಂದಳು ಆಕೆ. ಕಣ್ಣೀರು ಧಾರೆಯಾಗಿ ಇಳಿಯುತ್ತಿದ್ದರೂ ಮಾತು ತೊದಲಲಿಲ್ಲ. "ಇದು ಅವನ ಜಾಗ ಅಂತ ಒಂದು ಮೊಳ ನೆಲ ತೋರಸ್ರಿ. ಅಲ್ಲೇ ಹಾಕತೇನಿ, ಅಲ್ಲೇ ಕುಂತು ಅಳತೇನಿ. ಇಷ್ಟು ದಿನ ಎಲ್ಲಿ ಕುಂತು ಅಳಬೇಕು ಅನ್ನೋದಽ ನನಗ ತಿಳೀಲಿಲ್ಲ."

ಅವನು ಎಂಜಿನ್ನಿನ ತಣ್ಣನೆಯ ಮೈಮೇಲೆ ಕೈಯೂರಿ ನಿಂತ. ಮಗ ಬರುತ್ತಾನೆಂದು ಊರ ಬಾಯಿ ಕಟ್ಟಿದ್ದ, ಅಯ್ಯನವರ ಬಾಯಿ ಕಟ್ಟಿದ್ದ, ಈಕೆಯ ಅಳುವನ್ನೂ ಕಟ್ಟಿಹಾಕಿದ್ದ. ತನ್ನದೇ ದುಃಖ ದೊಡ್ಡದೆಂದುಕೊಂಡಿದ್ದವನಿಗೆ ನಾಚಿಕೆಯಾಯಿತು. ಎಂಜಿನ್ನಿನ ಬದಿಗೆ ಇಟ್ಟಿದ್ದ ಗುದ್ದಲಿ, ಸಲಿಕೆ ಎತ್ತಿಕೊಂಡ.

"ಎಲ್ಲಿ ತೋಡಲಿ?" ಎಂದು ಕೇಳಿದ.

ಹೊಳೆಗೆ ದೂರವಾದ, ಮೇಲಿನ ಬದುವಿನ ಮೂಲೆಯನ್ನು ಆಕೆ ತೋರಿಸಿದಳು. ಸೋಮವಾರವೆಂದು ಇಬ್ಬರೂ ಎಣಿಸಲಿಲ್ಲ. ಮೇಲಿನ ಮಣ್ಣು ಗಟ್ಟಿಯಾಗಿತ್ತು, ಕೆಳಗೆ ಮೆತ್ತಗಾಗುತ್ತ ಬಂತು. ಅಗೆಯುತ್ತ ಅಗೆಯುತ್ತ ಅವನಿಗೆ ಅಳು ಬಂತು. ತಡೆಯಲು ಹೋಗಲಿಲ್ಲ; ಬಿಕ್ಕುತ್ತಲೇ ಮಣ್ಣು ಎತ್ತಿ ಎತ್ತಿ ಹಾಕಿದ. ನೀಲಗಂಗವ್ವ ಅದನ್ನು ಎರಡೂ ಕೈಯಿಂದ ಬದಿಗೆ ಸರಿಸುತ್ತಿದ್ದಳು.

ಕುಣಿ ಎದೆಮಟ್ಟ ಇಳಿದ ಮೇಲೆ ಅವನು ಗುದ್ದಲಿಯನ್ನು ಮೇಲಿಟ್ಟ. ತಳ ಸಮ ಮಾಡಿ, ಚಕ್ಕಳಮಕ್ಕಳ ಹಾಕಿ ಅಲ್ಲೇ ಕುಳಿತ. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿದ.

"ಸಾಕೇನು ನೋಡು," ಎಂದ ಒಳಗಿನಿಂದ.

ಆಕೆ ಅಂಚಿನಲ್ಲಿ ನಿಂತು ಅವನ ನೆತ್ತಿಯನ್ನೂ ಕುಣಿಯ ಅಂಚನ್ನೂ ನೋಡಿದಳು.

"ಅವ ನಿಮಗಿಂತ ಒಂದು ಗೇಣು ಎತ್ತರ ಇದ್ದ," ಎಂದಳು.

ಚಂದ್ರಶೇಖರಪ್ಪ ಎದ್ದು, ಮತ್ತೆ ಗುದ್ದಲಿ ಹಿಡಿದ.