ಆಟದ ಟೀಚರ್ ಮಗ

ಪೆಟ್ಟಿಗೆಯ ಕೆಳಗೆ ತಲೆ ತೂರಿಸಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಅವನು ಫ್ಯಾನಿನ ಕೊನೆಯ ಸ್ಕ್ರೂ ಬಿಚ್ಚುತ್ತಿದ್ದ. ಹೆಣ ಕೆಡದಂತೆ ಇಡಲು ಬಾಡಿಗೆಗೆ ತಂದ ತಣ್ಣನೆಯ ಪೆಟ್ಟಿಗೆ ಅದು. ಒಳಗೆ, ಗಾಜಿನ ಮುಚ್ಚಳದಡಿ, ಅವನ ಅಮ್ಮ ಮಲಗಿದ್ದಳು. ನಿನ್ನೆ ಸಂಜೆ ತಂದಿಟ್ಟಾಗಿನಿಂದ ಅದು ಕರಕರ ಅಂತ ಹಲ್ಲು ಕಡಿಯುತ್ತಲೇ ಇತ್ತು. ಬಂದು ಹೋದವರಲ್ಲಿ ಯಾರಿಗೂ ಆ ಸದ್ದು ಕೇಳಿದ ಹಾಗಿರಲಿಲ್ಲ. ಫ್ರಿಜ್ಜು ರಿಪೇರಿ ಮಾಡುತ್ತಲೇ ತಲೆ ನರೆತವನಿಗೆ ಮಾತ್ರ ಅದು ಕಿವಿಯೊಳಗೆ ಗರಗಸ ಆಡಿಸಿದಂತಿತ್ತು.

"ಅಣ್ಣಾ, ಏಳು," ತಂಗಿ ಬಗ್ಗಿ ಪಿಸುಗುಟ್ಟಿದಳು. "ಜನ ನೋಡ್ತಿದಾರೆ."

"ನೋಡ್ಲಿ."

"ಇನ್ನೇನು ವ್ಯಾನು ಬರೋ ಹೊತ್ತಾಯ್ತು. ಅಲ್ಲೀವರೆಗೂ ತಡ್ಕೊಳ್ಳೋಕಾಗಲ್ವಾ?"

"ಎಣ್ಣೆ ಕಂಡು ಯಾವ ಕಾಲ ಆಯ್ತೋ ಇದು," ಅಂದ ಅವನು, ಟಾರ್ಚು ಕೈಗೆ ತೆಗೆದುಕೊಂಡು. "ಜೀವಮಾನ ಎಲ್ಲಾ ಗಲಾಟೇಲೇ ಕಳೆದೋಳು. ಇವತ್ತಾದ್ರೂ ಸದ್ದಿಲ್ದೆ ಮಲಗ್ಲಿ ಬಿಡು."

ತಂಗಿ ಪಕ್ಕಕ್ಕೆ ಸರಿದಳು. ಅವಳು ವಕೀಲೆ, ಯಾವ ವಾದ ಗೆಲ್ಲುವುದಿಲ್ಲ ಅನ್ನುವುದು ಅವಳಿಗೆ ಬೇಗ ಗೊತ್ತಾಗುತ್ತಿತ್ತು. ಅವನು ಬೇರಿಂಗಿಗೆ ಎಣ್ಣೆ ಬಿಟ್ಟು, ಫ್ಯಾನು ಕೂರಿಸಿ, ಗೋಡೆ ಹಿಡಿದು ಎದ್ದ. ಅಮ್ಮ ಹಾಸಿಗೆ ಹಿಡಿದಾಗಿನಿಂದ ಅವನ ನಿದ್ದೆ ಹರಿದ ಬಟ್ಟೆಯ ಹಾಗಾಗಿತ್ತು. ಎಲ್ಲಿ ಹೊದ್ದರೂ ಇನ್ನೊಂದು ಕಡೆ ಬಯಲು. ಹೆಂಡತಿ ಮತ್ತು ಅವನು ಸರದಿಯಲ್ಲಿ ಮಗ್ಗುಲು ಬದಲಿಸಿದ್ದರು, ಚಮಚದಲ್ಲಿ ಗಂಜಿ ಕುಡಿಸಿದ್ದರು. ಈಗ ಅಳು ಬರಬೇಕಾದ ಜಾಗದಲ್ಲಿ ಆಕಳಿಕೆ ಬರುತ್ತಿತ್ತು. ಅದಕ್ಕೇ ನಾಚಿಕೆ.

ಬಾಗಿಲ ಬಳಿ ನಿಂತಿದ್ದ ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು.

"ನನ್ನ ಮಗಳಿಗೂ ಇವರೇ, ಮೊಮ್ಮಗಂಗೂ ಇವರೇ. ಸ್ಕೂಲಿಗೆ ಹೋಗಲ್ಲ ಅಂತ ಬಾಗಿಲು ಹಿಡ್ಕೊಂಡು ಅಳ್ತಿದ್ದ. ಒಂದು ವಾರ ಆಯ್ತು ನೋಡಿ, ಭಾನುವಾರನೂ ಕಳಿಸು ಅಂತ ಹಟ."

"ಆಟದ ಟೀಚರ್ ಅಂತಲೇ ಅಲ್ವಾ ಹೆಸರು. ಹೊಡೆದದ್ದಿಲ್ಲ, ಬೈದದ್ದಿಲ್ಲ." ಆಕೆ ಅವನ ಕಡೆ ತಿರುಗಿದಳು. "ನಿಮಗೇನಪ್ಪಾ, ಮನೇಲೇ ಇಂಥ ಟೀಚರ್. ಅಕ್ಷರ ತೊಟ್ಟಿಲಲ್ಲೇ ಬಂದಿರಬೇಕು."

ಅವನು ಎಣ್ಣೆಗೈಯನ್ನು ಚಿಂದಿಬಟ್ಟೆಗೆ ಒರೆಸಿಕೊಳ್ಳುತ್ತ "ಹೂಂ" ಅಂದ. ತಂಗಿ ಕಿಟಕಿಯ ಕಡೆ ನೋಡಿದಳು.

*

ಅವನಿಗೆ ಅಕ್ಷರ ತೊಟ್ಟಿಲಲ್ಲಿ ಬರುವುದಿರಲಿ, ಮೀಸೆ ಬಂದ ಮೇಲೂ ಸರಿಯಾಗಿ ಬಂದಿರಲಿಲ್ಲ. 'ವ' ಬರೆ ಅಂದರೆ 'ಮ' ಬರೆಯುತ್ತಿದ್ದ, 'ಮ' ಅಂದರೆ 'ಪ'. 'ದ', 'ಧ', 'ಥ' ಮೂರೂ ಅವನ ಕಣ್ಣಿಗೆ ಒಂದೇ ಬಸಿರಲ್ಲಿ ಹುಟ್ಟಿದ ತ್ರಿವಳಿಗಳು. ಇಂದು ಕಲಿತದ್ದು ನಾಳೆಗೆ ಮುಖ ತಿರುಗಿಸಿ ನಿಲ್ಲುತ್ತಿತ್ತು.

ಶಾಲೆ ಸೇರಿಸಿದ್ದು ಅಮ್ಮನ ತರಗತಿಗೇ. "ಈ ಗೇಟು ದಾಟಿದ ಮೇಲೆ ನಾನು ಅಮ್ಮ ಅಲ್ಲ, ಟೀಚರ್," ಎಂದು ಮೊದಲ ದಿನವೇ ಕೈ ಬಿಡಿಸಿಕೊಂಡಿದ್ದಳು. ಗೇಟಿನೊಳಗೆ ಅವಳು ಬೇರೆಯೇ ಹೆಂಗಸು. ನೆಲದ ಮೇಲೆ ಕೋಣೆಯಷ್ಟು ದೊಡ್ಡ 'ಅ' ಬರೆದು, ಮಕ್ಕಳನ್ನು ಒಬ್ಬರ ಹಿಂದೆ ಒಬ್ಬರನ್ನು ನಿಲ್ಲಿಸಿ, ಕೂ ಎಂದು ರೈಲು ಬಿಡುತ್ತಿದ್ದಳು. ಗೆರೆಯಿಂದ ಕಾಲು ಜಾರಿದವನು ಹಳಿ ತಪ್ಪಿದ ಡಬ್ಬಿ. ಹೆಸರುಗಳನ್ನು ಚಪ್ಪಾಳೆಯಲ್ಲಿ ಒಡೆಯುತ್ತಿದ್ದಳು. ಒಂದು ಮಗುವಿನ ಬೆನ್ನ ಮೇಲೆ ಇನ್ನೊಂದು ಮಗು ಬೆರಳಲ್ಲಿ ಅಕ್ಷರ ಬರೆಯಬೇಕು, ಕಚಗುಳಿ ತಡೆದುಕೊಂಡು ಅದು ಯಾವುದೆಂದು ಹೇಳಬೇಕು. ಕಾರಿಡಾರಿನ ಆ ತುದಿಯವರೆಗೂ ನಗು ಕೇಳುತ್ತಿತ್ತು.

ಆ ಆಟಗಳೆಲ್ಲ ಮೊದಲು ನಡೆಯುತ್ತಿದ್ದುದು ಮನೆಯಲ್ಲಿ, ಅವನೊಬ್ಬನ ಮೇಲೆ. ತಟ್ಟೆಯಲ್ಲಿ ಮರಳು ಹರಡಿ ಅವನ ಬೆರಳು ಹಿಡಿದು ತಿದ್ದಿಸುವಳು. ಮಣ್ಣಿನಲ್ಲಿ ಅಕ್ಷರ ಮಾಡಿಸಿ, ಕಣ್ಣು ಕಟ್ಟಿ ಮುಟ್ಟಿಸುವಳು. ಅವನಿಗೆ ಬರುತ್ತಿರಲಿಲ್ಲ. ಮುಂದಿನ ವಾರ ಅದೇ ಆಟ ತರಗತಿಗೆ ಬರುತ್ತಿತ್ತು. ಉಳಿದ ಮಕ್ಕಳು ನೀರು ಕುಡಿದಷ್ಟು ಸಲೀಸಾಗಿ ಕಲಿತುಬಿಡುತ್ತಿದ್ದರು. ತಾನು ಉಪ್ಪು ನೋಡಿ ಪಕ್ಕಕ್ಕಿಡುವ ಸೌಟು ಅನ್ನಿಸುತ್ತಿತ್ತು ಅವನಿಗೆ. ಊಟಕ್ಕೆ ಕೂರುವವರು ಬೇರೆಯವರು.

ಒಮ್ಮೆ ಕಾಗದದ ಮೀನು ಕತ್ತರಿಸಿ, ಒಂದೊಂದರ ಮೇಲೂ ಒಂದೊಂದು ಅಕ್ಷರ ಬರೆದು, ಬಾಯಿಗೆ ಗುಂಡುಪಿನ್ನು ಚುಚ್ಚಿ ರಟ್ಟಿನ ಡಬ್ಬಿಯಲ್ಲಿ ಹಾಕಿದಳು. ಕೋಲಿನ ದಾರದ ತುದಿಗೆ ಅಯಸ್ಕಾಂತ. ಹಿಡಿದ ಮೀನಿನ ಹೆಸರು ಹೇಳಬೇಕು. ಅವನು ಒಂದೇ ಉಸಿರಿಗೆ ಎಲ್ಲ ಮೀನೂ ಹಿಡಿದ. ಒಂದರ ಹೆಸರನ್ನೂ ಹೇಳಲಿಲ್ಲ. ದಾರ ಬಿಚ್ಚಿ, ಅಯಸ್ಕಾಂತವನ್ನು ಬಾಗಿಲ ಚಿಲಕಕ್ಕೆ, ಟ್ರಂಕಿಗೆ, ಅಪ್ಪನ ಸೈಕಲ್ಲಿಗೆ ಅಂಟಿಸಿ ನೋಡುತ್ತ ಹೊರಟ. ಅಮ್ಮ ಡಬ್ಬಿಯ ಪಕ್ಕ ಕೂತು ಅವನನ್ನೇ ನೋಡುತ್ತಿದ್ದಳು.

"ಊರ ಮಕ್ಕಳಿಗೆಲ್ಲ ಕಲಿಸ್ತೀಯ," ಅಂದಿದ್ದ ಅಪ್ಪ. "ದೀಪದ ಬುಡದಲ್ಲೇ ಕತ್ತಲೆ ಅಂತ ಸುಮ್ನೆ ಅಂದಿಲ್ಲ."

ಸಂಜೆ ಹೊತ್ತಿಗೆ ಅಮ್ಮನಿಗೆ ಗಂಟಲೇ ಇರುತ್ತಿರಲಿಲ್ಲ. ಬಿಸಿನೀರು ಕುಡಿದು, ಕಣ್ಣ ಮೇಲೆ ಮೊಣಕೈ ಅಡ್ಡ ಇಟ್ಟುಕೊಂಡು ಚಾಪೆಯ ಮೇಲೆ ಬಿದ್ದಿರುತ್ತಿದ್ದಳು. ಉಗುರಿನ ಸಂದಿಯಲ್ಲಿ ಸೀಮೆಸುಣ್ಣ. ಬೇರೆಯವರ ಮಕ್ಕಳ ಜೊತೆ ನಕ್ಕು ನಕ್ಕು ನಗು ಖಾಲಿಯಾಗಿ ಮನೆಗೆ ಬರುತ್ತಾಳೆ ಅಂದುಕೊಳ್ಳುತ್ತಿದ್ದ ಅವನು.

ಅವನು ಮೂರನೆಯ ತರಗತಿಯಲ್ಲಿ ಫೇಲಾಗಿ ಕೂತಲ್ಲೇ ಕೂತಿದ್ದ ವರ್ಷ, ಒಂದು ದಿನ ಅಮ್ಮ ಚೀಲದಿಂದ ಶಾಲೆಯ ಗೋಡೆಗಡಿಯಾರ ಹೊರತೆಗೆದಳು.

"ನಿಂತೋಗಿದೆ. ಬಿಸಾಕಿ ಅಂದ್ರು. ಬಿಸಾಕೋಕೆ ಮುಂಚೆ ಒಂದ್ಸಲ ನೋಡ್ತೀಯಾ?"

ಅವನು ಹಿಂದಿನ ಮುಚ್ಚಳ ತೆಗೆದ. ಒಳಗೆ ಎಲ್ಲವೂ ಅದರದರ ಜಾಗದಲ್ಲೇ ಇತ್ತು. ಒಂದು ಹಲ್ಲುಚಕ್ರ ಮಾತ್ರ ಪಕ್ಕದ್ದನ್ನು ಮುಟ್ಟುತ್ತಿರಲಿಲ್ಲ. ಕತ್ತಲಾಗುವಷ್ಟರಲ್ಲಿ ಗಡಿಯಾರ ಟಿಕ್ ಅಂದಿತು. "ಹೂಂ, ಓಡ್ತಿದೆ," ಅಂದಳು ಅಮ್ಮ, ಅಷ್ಟೇ. ಆಮೇಲೆ ಕರೆಗಂಟೆ ಬಂತು, ಪೆನ್ಸಿಲ್ ಚೂಪು ಮಾಡುವ ಕೈಮಿಷನ್ನು ಬಂತು, ಮಕ್ಕಳಿಗೆ ಹಾಡು ಹಾಕುವ ಟೇಪ್ ರೆಕಾರ್ಡರು ಬಂತು. ಶಾಲೆ ಬಿಟ್ಟಾಗ ಅವನ ಕೈಯಲ್ಲಿ ಆಗಲೇ ಒಂದು ಕಸುಬಿತ್ತು. ಬೀದಿಯವರು ಫ್ರಿಜ್ಜಣ್ಣ ಅಂದರು. ಓದುವ ಬರೆಯುವ ಕೆಲಸವೆಲ್ಲ ಹೆಂಡತಿಯ ಪಾಲಿಗೆ ಹೋಯಿತು. ಕೆಲಸ ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ, "ನನಗೆ ಯಾರೂ ಕಲಿಸಿಲ್ಲ. ಈ ಕೈಯೇ ಕಲಿತದ್ದು," ಅನ್ನುತ್ತಿದ್ದ. ಅವನ ಬದುಕಿನಲ್ಲಿ ಹೆಮ್ಮೆ ಅಂತ ಇದ್ದದ್ದು ಅದೊಂದೇ.

*

ವ್ಯಾನು ಬಂದಾಗ ತಂಗಿ ಮುಂದೆ ಡ್ರೈವರನ ಪಕ್ಕ ಕೂತಳು. ಹಿಂದೆ, ಸ್ಟ್ರೆಚರಿನ ಪಕ್ಕದ ಉದ್ದನೆಯ ಸೀಟಿನಲ್ಲಿ, ಅವನು ಮತ್ತು ಆಯಾ. ಅಮ್ಮನ ತರಗತಿಯಲ್ಲಿ ಮಕ್ಕಳ ಮೂಗು ಒರೆಸಿ, ಚಡ್ಡಿ ಬದಲಿಸಿ, ಅಮ್ಮನ ಜೊತೆಗೇ ಮುದುಕಿಯಾದವಳು ಈ ಆಯಾ. ಕಾಲು ಬಾತುಕೊಂಡಿತ್ತು. ಅವಳನ್ನು ಎತ್ತಿ ಕೂರಿಸಲು ಇಬ್ಬರು ಬೇಕಾದರು.

"ಸ್ಕೂಲ್ ಹತ್ರ ನಿಲ್ಲಿಸ್ಬೇಕಂತಲ್ಲಾ," ಡ್ರೈವರ್ ಮುಂದಿನಿಂದ ಹೇಳಿದ. "ಬೇಗ ಮುಗಿಸ್ಕೊಳ್ಳಿ ಆಯ್ತಾ. ಚಿತಾಗಾರದಲ್ಲಿ ಹೊತ್ತು ಮೀರಿದ್ರೆ ಹಿಂದಿನೋರನ್ನ ಒಳಗೆ ತಗೊಂಡುಬಿಡ್ತಾರೆ."

ವ್ಯಾನು ಕುಲುಕಿದಾಗಲೆಲ್ಲ ಆಯಾ ಹೆಣದ ಕಾಲಿನ ಮೇಲೆ ಕೈಯಿಟ್ಟು ಹಿಡಿದುಕೊಳ್ಳುತ್ತಿದ್ದಳು, ನಿದ್ದೆ ಹೋದ ಮಗು ಬೆಂಚಿನಿಂದ ಉರುಳೀತು ಅನ್ನುವ ಹಾಗೆ.

"ನಿಮ್ಮಮ್ಮ ಬಲು ಕಿಲಾಡಿ ಕಣಪ್ಪ," ಅಂದಳು. "ನಿನಗೆ ಹೇಳಿದ್ಲೋ ಇಲ್ವೋ."

"ಏನು?"

"ಆ ಗಡಿಯಾರದ ಸಂಗತಿ. ಅದು ಕೆಟ್ಟಿರಲಿಲ್ಲ."

ಅವನು ಆಯಾಳ ಮುಖ ನೋಡಿದ.

"ಅವಳೇ ಹಿಂದಿನ ಮುಚ್ಚಳ ತೆಗೆದು ಏನೋ ಸಡಿಲ ಮಾಡಿದ್ಲು. ಹೆಡ್ ಮಿಸ್ ಬಂದ್ಬಿಟ್ರೆ ಅಂತ ನನ್ನ ಬಾಗಿಲಲ್ಲಿ ಕಾವಲು ನಿಲ್ಲಿಸಿದ್ಲು. ಕಳ್ಳರ ಥರ."

"ಕರೆಗಂಟೆ?"

"ಅದೂ ಅಷ್ಟೇ."

"ಪೆನ್ಸಿಲ್ ಮಿಷನ್ನು?"

"ಅದರ ಹಲ್ಲಿಗೆ ಸೀಸದ ತುಂಡು ಸಿಕ್ಕಿಸಿದ್ದು ನಾನೇ." ಆಯಾಳ ಮುಖದಲ್ಲಿ ನಗು ಬಂದು ಹೋಯಿತು. "ಮಧ್ಯಾಹ್ನ ಮಕ್ಕಳು ಮಲಗಿದಾಗ ಇಬ್ಬರೂ ಕೂತು ಯೋಚನೆ ಮಾಡ್ತಿದ್ವಿ, ಹೇಗೆ ಕೆಡಿಸೋದು ಅಂತ. ತೀರಾ ಸುಲಭ ಮಾಡಿದ್ರೆ ಅವನಿಗೆ ಗೊತ್ತಾಗ್ಬಿಡುತ್ತೆ, ತೀರಾ ಕಷ್ಟ ಮಾಡಿದ್ರೆ ಕೈಬಿಡ್ತಾನೆ ಅಂತಿದ್ಲು. ಅಕ್ಷರದ ಆಟ ಮಾಡೋಕೆ ಒಂದು ಸಂಜೆ ಸಾಕಾಗ್ತಿತ್ತು ಅವಳಿಗೆ. ಇದಕ್ಕೆ ವಾರಗಟ್ಟಲೆ ತಲೆ ಕೆಡಿಸ್ಕೊಂಡಿದ್ಲು."

ಅವನು ತನ್ನ ಅಂಗೈ ನೋಡಿಕೊಂಡ. ಗೆರೆಗಳಲ್ಲಿ ಬೆಳಗಿನ ಎಣ್ಣೆ ಇನ್ನೂ ಕಪ್ಪಗೆ ಉಳಿದಿತ್ತು. ಯಾರೋ ತನ್ನ ಮನೆಗೆ ನುಗ್ಗಿ ಇದ್ದ ಒಂದೇ ಪಾತ್ರೆಯನ್ನು ಕದ್ದೊಯ್ದ ಹಾಗಿತ್ತು ಅವನಿಗೆ. ಕೈಯೇ ಕಲಿತದ್ದು ಅಂತ ಎಷ್ಟು ಜನರ ಮುಂದೆ ಹೇಳಿದ್ದ. ಅಮ್ಮನ ಮುಂದೆಯೇ ಹೇಳಿದ್ದ. ಅವಳು ಸೆರಗು ಸರಿಮಾಡಿಕೊಳ್ಳುತ್ತ, "ಹೌದು ಮತ್ತೆ," ಅಂದಿದ್ದಳು.

"ಟೇಪ್ ರೆಕಾರ್ಡರೂ ಹಾಗೇನಾ?" ಕೇಳುವುದೋ ಬೇಡವೋ ಎಂದು ಅನುಮಾನಿಸಿ ಕೊನೆಗೆ ಕೇಳಿದ.

*

ಟೇಪ್ ರೆಕಾರ್ಡರನ್ನು ಅವನು ಮರೆತಿರಲಿಲ್ಲ. ಒಳಗಿನ ರಬ್ಬರ್ ಪಟ್ಟಿ ಕರಗಿ ಬೆಲ್ಲದಂತೆ ಅಂಟಿಕೊಂಡಿತ್ತು. ಮೋಟಾರಿನ ತಂತಿ ಬೆಸುಗೆ ಬಿಟ್ಟಿತ್ತು. ಅಪ್ಪನ ಸೈಕಲ್ ಟ್ಯೂಬಿನಿಂದ ತೆಳ್ಳಗೆ ಪಟ್ಟಿ ಕತ್ತರಿಸಿದರೆ ಹಾಡು ಎಳೆದೆಳೆದು ಅಳುತ್ತಿತ್ತು. ಬಿಗಿ ಮಾಡಿದರೆ ಇಲಿಯ ಹಾಗೆ ಕೀಚುಗುಟ್ಟುತ್ತಿತ್ತು. ಎರಡು ಸಲ ಅದನ್ನು ಮೂಲೆಗೆ ಸರಿಸಿ ಎದ್ದು ಹೋಗಿದ್ದ. ಅಮ್ಮ ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ, ಅವಳು ಶಾಲೆಗೆ ಹೊರಟು ಚಪ್ಪಲಿ ಮೆಟ್ಟಿದ್ದಾಗ, ಹಾಡು ಸರಿಯಾದ ಗಂಟಲಲ್ಲಿ ಹೊರಬಂತು. ಚೀಲ ಹೆಗಲಲ್ಲೇ ಇಟ್ಟುಕೊಂಡು ಅಮ್ಮ ಹೊಸ್ತಿಲ ಮೇಲೆ ನಿಂತಳು. ಹೊತ್ತಾಯಿತು ಎಂದು ದಿನಾ ಓಡುವವಳು ಹಾಡು ಮುಗಿಯುವವರೆಗೂ ಅಲ್ಲಾಡಲಿಲ್ಲ.

*

"ಅದಲ್ಲಪ್ಪ," ಅಂದಳು ಆಯಾ. "ಅದು ನಿಜವಾಗ್ಲೂ ಕೆಟ್ಟಿತ್ತು. ಪೇಟೆ ಅಂಗಡಿಯೋನು ಕೈಯೆತ್ತಿಬಿಟ್ಟಿದ್ದ. ಇದನ್ನ ಕೊಟ್ಟು ಅವನ ಧೈರ್ಯ ಎಲ್ಲಿ ಮುರಿದುಹಾಕ್ತೀನೋ ಅಂತ ಹೆದರ್ಕೊಂಡೇ ಮನೆಗೆ ತಂದದ್ದು. ನೀನು ಹಾಡಿಸಿ ಕೊಟ್ಟೆ. ಅವತ್ತು ಮಕ್ಕಳು ಹಾಡಿಗೆ ಕುಣೀತಿದ್ರೆ ಇವಳು ಕರಿಹಲಗೆ ಕಡೆ ತಿರುಗಿ ನಿಂತಿದ್ಲು, ಒರೆಸಿದ್ದನ್ನೇ ಒರೆಸ್ಕೊಂಡು. 'ಸಾಕು ಕಣೇ, ಅವನಿಗೆ ಕೆಲಸ ಹತ್ತಿತು' ಅಂದ್ಲು. ಆಮೇಲೆ ಒಂದನ್ನೂ ಕೆಡಿಸಲಿಲ್ಲ."

"ನನಗೆ ಹೇಳಬಹುದಿತ್ತು."

"ನಾನೂ ಅಂದೆ. ಹೇಳಿದ್ರೆ ಆಟ ಹೋಗಿ ಪಾಠ ಆಗ್ಬಿಡುತ್ತೆ ಅಂದ್ಲು."

ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕಿದರೆ, ಬಿಳಿಬಟ್ಟೆಯಡಿ ಆ ಸಣ್ಣ ದೇಹ ಬಿಟ್ಟರೆ ಬೇರೆ ಯಾರೂ ಸಿಗಲಿಲ್ಲ. ಸಿಟ್ಟಿನ ಹಿಂದೆಯೇ ಸುಸ್ತು ಬಂತು. ಮಧ್ಯಾಹ್ನವೆಲ್ಲ ಮಕ್ಕಳನ್ನು ಮಲಗಿಸಿ, ತಾನು ಮಲಗದೆ, ಸ್ಕ್ರೂಡ್ರೈವರ್ ಹಿಡಿಯಲೂ ಬಾರದ ಕೈಯಲ್ಲಿ ಗಡಿಯಾರ ಕೆಡಿಸುತ್ತಿದ್ದ ಹೆಂಗಸು. ಸಂಜೆ ಚಾಪೆಯ ಮೇಲೆ ಬಿದ್ದಿರುತ್ತಿದ್ದುದು ಅವಳೇ. ಅವನು ಕೈ ಚಾಚಿ ಅವಳ ಪಾದದ ಮೇಲಿನ ಬಟ್ಟೆ ಸರಿಮಾಡಿದ. ಆಯಾ ಕಣ್ಣು ಮುಚ್ಚಿ ಕಿಟಕಿಗೆ ತಲೆ ಒರಗಿಸಿದಳು.

ಶಾಲೆಯ ಗೇಟಿನ ಮುಂದೆ ಪುಟ್ಟ ಮಕ್ಕಳನ್ನು ಎರಡು ಸಾಲಿನಲ್ಲಿ ನಿಲ್ಲಿಸಿದ್ದರು. ದೊಡ್ಡ ತರಗತಿಯವರು ಕಿಟಕಿಗಳಲ್ಲಿ. ಈಗಿನ ಹೆಡ್ ಮಿಸ್ ಚಿಕ್ಕ ವಯಸ್ಸಿನವರು. ಅಮ್ಮ ಕೆಲಸದಿಂದ ನಿವೃತ್ತಳಾದ ಮೇಲೆ ಬಂದವರು. ಅವರು ಮಾತಾಡಿದರು, ಮೈಕು ಗೊರಗೊರ ಅಂದಿತು, ಮಕ್ಕಳು ಬಿಸಿಲಿಗೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಆಮೇಲೆ ತಂಗಿ ಚೀಲದಿಂದ ಒಂದು ಹಾಳೆ ತೆಗೆದು ಬಿಡಿಸಿದಳು. ಬೆಳಗಿನ ಜಾವ ಕೂತು ಬರೆದದ್ದು. ಜಡ್ಜುಗಳ ಮುಂದೆ ನಾಲಿಗೆ ತಡವರಿಸದವಳು. "ನಮ್ಮ," ಅಂದಳು. ಮುಂದಿನ ಪದಕ್ಕೆ ಬಾಯಿ ತೆರೆದಳು, ಅದು ಹೊರಗೆ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ಹಾಳೆ ಹಿಡಿದ ಕೈ ಕೆಳಗಿಳಿಯಿತು.

ಡ್ರೈವರ್ ಸ್ಟೀರಿಂಗಿನ ಮೇಲೆ ಬೆರಳು ಬಡಿಯುತ್ತಿದ್ದ.

"ನೀವು ಓದ್ತೀರಾ ಸರ್?" ಹೆಡ್ ಮಿಸ್ ಮೆಲ್ಲಗೆ ಅವನನ್ನು ಕೇಳಿದರು.

"ಬೇಡ," ಅಂದಳು ತಂಗಿ ಗಾಬರಿಯಿಂದ. "ಇರ್ಲಿ ಅಣ್ಣ, ಹೋಗೋಣ ನಡಿ."

ಅವನು ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡ. ಯಾಕೆ ತೆಗೆದುಕೊಂಡ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಬಿಸಿಲಲ್ಲಿ ಅಕ್ಷರಗಳು ಇರುವೆಗಳ ಹಾಗೆ ಸಾಲು ಬಿಟ್ಟು ಓಡಾಡುತ್ತಿದ್ದವು. ತೋರುಬೆರಳನ್ನು ಮೊದಲ ಪದದ ಕೆಳಗಿಟ್ಟು, ಅವು ನಿಲ್ಲುವವರೆಗೂ ಕಾದ.

"ನ... ಮ್ಮ," ಅಂದ. "ನಮ್ಮ."

"ನಮ್ಮ," ಅಂದವು ಪುಟ್ಟ ಮಕ್ಕಳು, ಒಂದೇ ಧ್ವನಿಯಲ್ಲಿ.

ಅವನು ತಲೆ ಎತ್ತಿದ. ಸಾಲಿನ ತುದಿಯಲ್ಲಿದ್ದ ಟೀಚರ್ ತುಟಿಯ ಮೇಲೆ ಬೆರಳಿಟ್ಟು ಶ್ ಎಂದರು. ಮಕ್ಕಳಿಗೆ ಅರ್ಥವಾಗಲಿಲ್ಲ. ಬೆರಳಿಟ್ಟು ನಿಧಾನವಾಗಿ ಓದುವವರು ಓದಿದರೆ ಹಿಂದೆಯೇ ಹೇಳಬೇಕು. ಅವಕ್ಕೆ ಗೊತ್ತಿದ್ದದ್ದು ಅಷ್ಟೇ.

"ಅಮ್ಮ," ಅಂದ ಅವನು.

"ಅಮ್ಮ."

ಕಿಟಕಿಯಲ್ಲಿ ಯಾರೋ ದೊಡ್ಡ ಹುಡುಗ ನಕ್ಕ, ನಿಲ್ಲಿಸಿದ. ತಂಗಿ ಅವನ ಮೊಣಕೈ ಹಿಡಿದುಕೊಂಡಳು, ಎಳೆಯಲಿಲ್ಲ. ವ್ಯಾನಿನ ಇಂಜಿನ್ ಆಫ್ ಆಯಿತು.

"ಮಕ್ಕ... ಳ."

"ಮಕ್ಕಳ."

ಮುಂದಿನದು ಉದ್ದನೆಯ ಪದ, ನಡುವೆ ಒತ್ತಕ್ಷರ. ಅವನ ಎಣ್ಣೆ ಮೆತ್ತಿದ ಬೆರಳು ಅದರ ಕೆಳಗೆ ಹೋಗಿ ನಿಂತಿತು. ಎರಡೂ ಸಾಲಿನ ಮಕ್ಕಳು ಬಾಯಿ ಅರ್ಧ ತೆರೆದುಕೊಂಡು, ಅವನ ತುಟಿಯನ್ನೇ ನೋಡುತ್ತ, ಕಾಯುತ್ತಿದ್ದರು.