ಮೂರು ಪೆಟ್ಟು

"ಗಿರಿಜಕ್ಕ, ಒಂಚೂರ್ ಬದಿಗ್ ಬನ್ನಿ. ಗಂಟೆ ಇಳ್ಸುಕಿತ್ತ್," ಎಂದು ಸೈಟ್ ಇಂಜಿನಿಯರ್ ಉಲ್ಲಾಸ್ ಸ್ಪ್ಯಾನರ್ ಹಿಡಿದು ಎರಡನೆಯ ಸಲ ಹೇಳಿದ. ಗಿರಿಜಾ ಗಂಟೆಯ ಕಂಬಕ್ಕೆ ಬೆನ್ನು ಕೊಟ್ಟು ನಿಂತವಳು ಕದಲಲಿಲ್ಲ.

ಬೈಂದೂರಿನಿಂದ ಈಚೆಗಿನ ಈ ಆಸ್ಪತ್ರೆಯನ್ನು ಮಿಲಿಟರಿಯವರು ಬಿಟ್ಟುಹೋಗಿ ಇಪ್ಪತ್ತೆರಡು ವರ್ಷವಾಗಿತ್ತು. ವಾರ್ಡುಗಳಿಗೆ ಬಾವಲಿ ಸೇರಿದರೂ ಗೇಟಿನ ಪಕ್ಕದ ಒಂದು ಕೋಣೆ ಬದುಕಿತ್ತು. ಅಲ್ಲೊಂದು ಫ್ರಿಜ್, ಅದರಲ್ಲಿ ಹಾವಿನ ವಿಷಕ್ಕೆ ಇಂಜೆಕ್ಷನ್, ಒಬ್ಬರು ಸರ್ಕಾರಿ ಡಾಕ್ಟರು, ಆಯಾ ಗಿರಿಜಾ. ಹಾವು ಕಚ್ಚಿದವರು ಬಂದರೆ ಅವಳು ಗಂಟೆಗೆ ಮೂರು ಪೆಟ್ಟು ಹೊಡೆಯಬೇಕು. ಡಾಕ್ಟರು ಊಟ ಬಿಟ್ಟು ಬರಬೇಕು, ಗದ್ದೆಯವರು ಕೆಲಸ ಬಿಟ್ಟು ಬರಬೇಕು, ಗಾಡಿ ಇದ್ದವರು ಗಾಡಿ ತರಬೇಕು, ಕುಂದಾಪುರದ ದೊಡ್ಡಾಸ್ಪತ್ರೆಗೆ ಸಾಗಿಸಬೇಕಾಗಿ ಬಂದರೆ ಎಂದು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ತಪ್ಪಿಸಿರಲೂ ಇಲ್ಲ. ಸುಳ್ಳಿಗೆ ಒಂದು ಪೆಟ್ಟನ್ನೂ ಗಿರಿಜಾ ಹೊಡೆದವಳಲ್ಲ. ಆಟಕ್ಕೆ ಹಗ್ಗ ಮುಟ್ಟಿದ ಮಕ್ಕಳನ್ನು ಕಸ ಗುಡಿಸುವ ಹಿಡಿಸೂಡಿ ಹಿಡಿದು ಅಟ್ಟಿದವಳು.

ಈಗ ಇಡೀ ಜಾಗ ವೈದ್ಯಕೀಯ ಸಂಶೋಧನಾ ಕ್ಯಾಂಪಸ್ ಆಗುತ್ತಿದೆ. ಹಾವಿನ ವಿಷದ ಮೇಲೂ ಸಂಶೋಧನೆಯಂತೆ. ಹಾವಿಗೆ ಒಳಗೆ ಎ.ಸಿ. ಕೋಣೆ, ಕಚ್ಚಿಸಿಕೊಂಡವನಿಗೆ ಗೇಟಿನ ಹೊರಗೆ ಜಾಗ. ಡಾಕ್ಟರಿಗೆ ಆಗಲೇ ವರ್ಗವಾಗಿತ್ತು. ಕೋಣೆಯನ್ನು ನಾಳೆ ಕೆಡವುತ್ತಾರೆ.

"ಗಂಟೆನ್ನ್ ಗಾಜಿನ್ ಪೆಟ್ಟಿಗೆ ಒಳ್ಗೆ ಇಡ್ತ್ರ್ ಅಕ್ಕ. ಬಂದವ್ರೆಲ್ಲ ಕಾಂತ್ರ್."

"ಕಂಡ್ ಎಂತ ಮಾಡ್ತ್ರ್? ಹಾವ್ ಕಚ್ಚಿದವ್ರ್ ಎಲ್ಲಿಗ್ ಹೋಯ್ಕ್?"

ಉಲ್ಲಾಸ್ ಬ್ರಹ್ಮಾವರದವನು, ಕೆಟ್ಟವನಲ್ಲ. ತಲೆ ತಗ್ಗಿಸಿ ಹೇಳಿದ. "ಕುಂದಾಪ್ರಕ್ಕೆ. ನಾ ಎಂತ ಮಾಡುದ್? ಈ ಕೋಣಿ ಊರಿಗ್ ಬೇಡ, ಯಾರೂ ಬತ್ತಿಲ್ಲೆ ಅಂದೇಳಿ ಮೇಲಿನವ್ರ್ ವರದಿ ಬರ್ದಿರ್."

ಗಿರಿಜಾಳಿಗೆ ಮೈಯೆಲ್ಲ ಉರಿದುಹೋಯಿತು. ರಿಕ್ಷಾ ಓಡಿಸುವ ದುಗ್ಗಪ್ಪನ ಮಗಳು ಹೋದ ತಿಂಗಳಷ್ಟೇ ಹಾವು ಕಚ್ಚಿ ಬಂದು, ಇದೇ ಕೋಣೆಯಲ್ಲಿ ಮತ್ತೆ ಕಣ್ಣು ಬಿಟ್ಟಿದ್ದಳು.

"ಬೇಡ್ದಾ? ಹಂಗಾರೆ ಕಾಣಿ."

ಅವಳು ಹಗ್ಗ ಎಳೆದಳು. ಒಂದು. ಎರಡು. ಮೂರು.

ರಸ್ತೆಯಾಚೆ ಗದ್ದೆಯಲ್ಲಿ ಭತ್ತದ ನೇಜಿ ನೆಡುತ್ತಿದ್ದ ಹೆಂಗಸರ ಬೆನ್ನು ಒಟ್ಟಿಗೇ ನೆಟ್ಟಗಾಯಿತು. ಮೊದಲು ಬಂದದ್ದು ದುಗ್ಗಪ್ಪನ ರಿಕ್ಷಾ. ಹಿಂದೆಯೇ ಮೊಣಕಾಲ ತನಕ ಕೆಸರಾದವರು, ಒಬ್ಬಳ ಕೈಯಲ್ಲಿ ಕಂಬಳಿ, ಎಲ್ಲರಿಗೂ ಏದುಸಿರು.

"ಯಾರಿಗ್ ಕಚ್ಚಿದ್ದ್, ಗಿರಿಜಕ್ಕ?" ದುಗ್ಗಪ್ಪ ಕೇಳಿದ.

ಅವಳಿಗೆ ನಾಚಿಕೆಯಾಯಿತು. ಆದರೂ ತಲೆ ಎತ್ತಿಯೇ ಹೇಳಿದಳು. "ಯಾರಿಗೂ ಇಲ್ಲೆ. ಸುಳ್ಳಿಗ್ ಹೊಡ್ದೆ. ಈ ಕೋಣಿ ಊರಿಗ್ ಬೇಡ ಅಂಬ್ರ್. ನಾಳೆ ಕೆಡಗ್ತ್ರ್ ಅಂಬ್ರ್."

ಯಾರೂ ಬೈಯಲಿಲ್ಲ. ದುಗ್ಗಪ್ಪ ರಿಕ್ಷಾವನ್ನು ತಿರುಗಿಸಿ ಗೇಟಿಗೆ ಅಡ್ಡ ನಿಲ್ಲಿಸಿದ. ಕೀ ತೆಗೆದು ಕಿಸೆಗೆ ಹಾಕಿಕೊಂಡ.

"ಹ್ವಾಯ್, ಮೇಲಿನವ್ರಿಗೆ ಫೋನ್ ಮಾಡಿ," ಎಂದ ಉಲ್ಲಾಸನಿಗೆ. "ಎಷ್ಟ್ ಜನಕ್ಕೆ ಬೇಕ್ ಅಂದೇಳಿ ಇಲ್ಲೇ ಬಂದ್ ಎಣ್ಸಿ ಹೋಪುಕ್ ಹೇಳಿ."

ಉಲ್ಲಾಸ್ ಸ್ಪ್ಯಾನರನ್ನು ನೆಲಕ್ಕಿಟ್ಟು ಫೋನ್ ತೆಗೆದ. ಹೆಂಗಸರು ಕೆಸರುಗಾಲಲ್ಲೇ ಕೋಣೆಯ ಮೆಟ್ಟಿಲ ಮೇಲೆ ಕೂತರು. ಗಿರಿಜಾ ಹಗ್ಗ ಬಿಟ್ಟಿರಲಿಲ್ಲ. ಗದ್ದೆಯ ಅಂಚಿನ ಮೇಲೆ ಇನ್ನೂ ಜನ ಓಡಿ ಬರುತ್ತಲೇ ಇದ್ದರು.